ಮೇಲೇಳುವ ಗಳಿಗೆ, ತುಂಬಿದ ಟ್ಯಾಂಕು



ಕಳೆದ ಬೇಸಿಗೆಯಲ್ಲಿ ನಮ್ಮೂರಿಗೆ ಎರಡು ಮೈಲಿ ದೂರದ ಒಂದು ಕೋಸಿನ ಹೊಲಕ್ಕೆ ಡ್ರೋನಿನಲ್ಲಿ ಮದ್ದು ಹೊಡೆಯುವುದನ್ನು ನೋಡಲು ಹೋಗಿದ್ದೆ. ಐದು ಎಕರೆ ಹೊಲ. ಯಂತ್ರ ತಂದಿದ್ದ ಹುಡುಗನಿಗೆ ಇನ್ನೂ ಇಪ್ಪತ್ತೆರಡು ತುಂಬಿರಲಿಲ್ಲವೇನೋ. ಬೆಳಿಗ್ಗೆ ಬರಬೇಕಾಗಿದ್ದವನು ಹಿಂದಿನ ಊರಿನಲ್ಲಿ ತಡವಾಗಿ ಹನ್ನೆರಡೂವರೆಗೆ ಬಂದ. ಮುಂದಿನ ಊರಿನವರು ಆಗಲೇ ಫೋನು ಮಾಡುತ್ತಿದ್ದರು. ಬೋರ್‌ವೆಲ್ ಪಕ್ಕದಲ್ಲಿ ನೀರು ಹತ್ತಿರ, ಹೊಂಗೆ ಮರದ ನೆರಳೂ ಇದೆ ಎಂದು ಅಲ್ಲಿಯೇ ಯಂತ್ರವನ್ನು ಇಟ್ಟರು. ಹೊಲದ ಯಜಮಾನರು, "ಪೂರ್ತಿ ತುಂಬಪ್ಪ, ಬೇಗ ಮುಗಿಸಿಬಿಡು" ಎಂದರು. ಮದ್ದು ಕಲಸುತ್ತಿದ್ದ ಅಕ್ಕ ಟ್ಯಾಂಕಿನ ಬಾಯಿವರೆಗೂ ತುಂಬಿದರು. ಶಾಲೆಗೆ ರಜೆ ಇದ್ದುದರಿಂದ ಮಕ್ಕಳೆಲ್ಲ ಸುತ್ತ ನಿಂತಿದ್ದರು.

ಯಂತ್ರ ಜೋರಾಗಿ ಸದ್ದು ಮಾಡುತ್ತಾ ಆಳೆತ್ತರಕ್ಕೆ ಏರಿತು. ಅಷ್ಟರಲ್ಲಿ ಒಂದು ಕಡೆಗೆ ವಾಲಿ, ದನಗಳು ನೀರು ಕುಡಿಯುವ ತೊಟ್ಟಿಯ ಅಂಚಿಗೆ ಬಡಿದು ಬಿತ್ತು. ರೆಕ್ಕೆಗಳು ಮುರಿದು ಹಾರಿದವು. ಟ್ಯಾಂಕಿನ ಮುಚ್ಚಳ ಕಳಚಿ ಮದ್ದೆಲ್ಲ ಅರ್ಧ ತೊಟ್ಟಿಗೆ, ಅರ್ಧ ಆ ಅಕ್ಕನ ಸೀರೆಗೆ ಸುರಿಯಿತು. ಮಕ್ಕಳಿಗೆ ಏನೂ ಆಗಲಿಲ್ಲ. ಅವರು ಒಂದು ಮಾರು ಈಚೆಗಿದ್ದರು, ಅಷ್ಟೆ. ಮುಂದಿನ ಅರ್ಧ ಗಂಟೆ ಅಲ್ಲಿ ನಡೆದ ಮಾತೆಲ್ಲ ರೆಕ್ಕೆಗೆ ಎಷ್ಟು ಬೆಲೆ, ಬ್ಯಾಟರಿ ಕೆಟ್ಟಿತೇ, ಖರ್ಚು ಯಾರದು ಎಂಬುದರ ಬಗ್ಗೆಯೇ. ಆ ಅಕ್ಕ ಒದ್ದೆ ಸೀರೆಯಲ್ಲಿಯೇ ಸಂಜೆಯವರೆಗೆ ಕೆಲಸ ಮಾಡಿದರು. ರಾತ್ರಿ ವಾಂತಿ ಶುರುವಾಯಿತು. ಎರಡು ದಿನ ಆಸ್ಪತ್ರೆಯಲ್ಲಿದ್ದು ಬಂದರು. ಅಲ್ಲಿ ನಿಂತಿದ್ದವರಲ್ಲಿ ನಾನೂ ಒಬ್ಬ. "ಅಮ್ಮಾ, ಮೊದಲು ಸೀರೆ ಬದಲಾಯಿಸಿ" ಎಂದು ಹೇಳಲು ನನಗೂ ಹೊಳೆಯಲಿಲ್ಲ. ಆ ಸಂಕಟವೇ ಈ ಲೇಖನವನ್ನು ಬರೆಸುತ್ತಿದೆ.

ನಾನು ಹೇಳಬೇಕೆಂದಿರುವುದು ಒಂದೇ ಮಾತು. ಆಕಾಶದಿಂದ ಮದ್ದು ಹೊಡೆಯುವ ಯಾವ ಯಂತ್ರವೇ ಆಗಲಿ, ದೊಡ್ಡ ವಿಮಾನವಾಗಲಿ ಚಿಕ್ಕ ಡ್ರೋನಾಗಲಿ, ಅದರ ಅತಿ ಅಪಾಯದ ಗಳಿಗೆಗಳಲ್ಲಿ ಮೊದಲನೆಯದು ನೆಲ ಬಿಟ್ಟು ಮೇಲೇಳುವ ಗಳಿಗೆ. ಪೂರ್ತಿ ಭಾರ, ಪೂರ್ತಿ ವಿಷ, ಸುತ್ತ ನಿಂತ ಜನ, ಈ ಮೂರೂ ಒಂದೇ ಜಾಗದಲ್ಲಿ ಸೇರುವುದು ಆಗಲೇ. ಆ ಅಪಾಯವನ್ನು ಹೆಚ್ಚಿಸುವುದು ಅಥವಾ ತಗ್ಗಿಸುವುದು ಯಂತ್ರ ನಡೆಸುವವನ ಕೈಯಲ್ಲಿ ಮಾತ್ರ ಇಲ್ಲ. ಬಾಡಿಗೆ ಕೊಟ್ಟು ಕರೆಸುವ ನಮ್ಮ ಕೈಯಲ್ಲೂ ಇದೆ.

ವಿಮಾನಗಳು ಕಲಿಸಿದ ಪಾಠ

ಬೆಳೆಯ ಮೇಲೆ ವಿಮಾನದಿಂದ ಮದ್ದು ಹಾಕುವ ಕೆಲಸ ನೂರು ವರ್ಷಕ್ಕೂ ಹಳೆಯದು. ಅಮೆರಿಕದ ಓಹಿಯೋ ರಾಜ್ಯದ ಟ್ರಾಯ್ ಎಂಬ ಊರಿನ ಹತ್ತಿರ 1921ರ ಆಗಸ್ಟ್ 3ರಂದು ಜಾನ್ ಮೆಕ್ರೆಡಿ ಎಂಬ ಸೈನ್ಯದ ಪೈಲಟ್, ಹುಳ ಹತ್ತಿದ ಮರಗಳ ತೋಪಿನ ಮೇಲೆ ಸೀಸದ ವಿಷದ ಪುಡಿಯನ್ನು ಉದುರಿಸಿದ್ದು ಇದರ ಆರಂಭ. ಅಲ್ಲಿಂದ ಮುಂದೆ ಹಳೆಯ ಯುದ್ಧ ವಿಮಾನಗಳನ್ನೂ ತರಬೇತಿ ವಿಮಾನಗಳನ್ನೂ ಈ ಕೆಲಸಕ್ಕೆ ಬಳಸಿದರು. ಅನೇಕ ಪೈಲಟ್‌ಗಳು ಪ್ರಾಣ ಕಳೆದುಕೊಂಡರು. ಆಮೇಲೆ ಫ್ರೆಡ್ ವೈಕ್ ಎಂಬ ಇಂಜಿನಿಯರು ಈ ಕೆಲಸಕ್ಕೆಂದೇ ಒಂದು ವಿಮಾನವನ್ನು ರೂಪಿಸಿದರು. ಅದು ಮೊದಲು ಹಾರಿದ್ದು 1950ರ ಡಿಸೆಂಬರಿನಲ್ಲಿ. ಪೈಲಟ್ ಎತ್ತರದಲ್ಲಿ ಕೂತು ಮುಂದಿನ ನೆಲವನ್ನು ಚೆನ್ನಾಗಿ ನೋಡಬೇಕು, ಮದ್ದಿನ ಟ್ಯಾಂಕು ಅವನ ಮುಂದಿರಬೇಕು, ಬಿದ್ದರೆ ಮುಂಭಾಗ ಮೊದಲು ನಜ್ಜುಗುಜ್ಜಾಗಿ ಅವನು ಬದುಕಿ ಉಳಿಯಬೇಕು ಎಂಬುದು ಅವರ ಲೆಕ್ಕ. ವಿಮಾನ ಬೀಳುವುದುಂಟು ಎಂದು ಒಪ್ಪಿಕೊಂಡೇ ಅವರು ಅದನ್ನು ಕಟ್ಟಿದರು.

ಇದು ದೂರದ ದೇಶದ ಮಾತಷ್ಟೇ ಅಲ್ಲ. ಹೊಸೂರಿನಿಂದ ನಲವತ್ತು ಕಿಲೋಮೀಟರಿನ ಬೆಂಗಳೂರಿನಲ್ಲಿ, ನಮ್ಮ ಅನೇಕ ಮನೆಗಳ ಹಿರಿಯರು ಕೆಲಸ ಮಾಡಿದ ಎಚ್.ಎ.ಎಲ್. ಕಾರ್ಖಾನೆಯಲ್ಲಿ, 'ಬಸಂತ್' ಎಂಬ ಸಿಂಪಡಣೆ ವಿಮಾನ ತಯಾರಾಯಿತು. ಅದರ ಮೊದಲ ರೂಪ ತೃಪ್ತಿಕರವಾಗಿ ಬಾರದೆ, ತಿದ್ದಿ ಕಟ್ಟಿದ ಎರಡನೆಯ ರೂಪ 1972ರ ಮಾರ್ಚ್ 30ರಂದು ಹಾರಿತು. ಒಬ್ಬನೇ ಪೈಲಟ್, 400 ಕುದುರೆ ಶಕ್ತಿಯ ಇಂಜಿನ್. ಖಾಲಿ ತೂಕ ಸುಮಾರು 1,200 ಕಿಲೋ. ಮದ್ದು, ಇಂಧನ, ಪೈಲಟ್ ಎಲ್ಲ ಸೇರಿ ಮೇಲೇಳಬಹುದಾದ ತೂಕ ಸುಮಾರು 2,270 ಕಿಲೋ. ಅಂದರೆ ತನ್ನಷ್ಟೇ ತೂಕವನ್ನು ಹೊತ್ತು ಏಳಬೇಕಾದ ಯಂತ್ರ ಅದು. 1980ರ ಹೊತ್ತಿಗೆ 39 ವಿಮಾನಗಳು ತಯಾರಾಗಿ ಆ ಕೆಲಸ ನಿಂತಿತು.

ಇಂತಹ ವಿಮಾನಗಳಿಗೆ ಮೇಲೇಳುವ ಗಳಿಗೆ ಏಕೆ ಕಷ್ಟ? ತುಂಬಿದ ಗಾಡಿಯನ್ನು ಏರಿಗೆ ಎಳೆಯುವ ಎತ್ತುಗಳನ್ನು ನೋಡಿದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಸಿಂಪಡಣೆ ವಿಮಾನ ದಿನಕ್ಕೆ ಹತ್ತಾರು ಸಲ ಇಳಿದು, ತುಂಬಿಸಿಕೊಂಡು, ಮತ್ತೆ ಏಳುತ್ತದೆ. ಅದು ಏಳುವುದು ದೊಡ್ಡ ನಿಲ್ದಾಣದ ಡಾಂಬರು ದಾರಿಯಿಂದಲ್ಲ, ಹೊಲದ ಹತ್ತಿರದ ಹುಲ್ಲು ನೆಲದಿಂದಲೋ ಮಣ್ಣು ದಾರಿಯಿಂದಲೋ. ಪ್ರತಿ ಸಲವೂ ಭಾರ ಅತಿ ಹೆಚ್ಚು ಇರುವುದು ಏಳುವಾಗಲೇ. ಐವತ್ತು ಅಡಿ ಎತ್ತರದಲ್ಲಿ ಇಂಜಿನ್ ನಿಂತರೆ ಪೈಲಟ್ಟಿಗೆ ಯೋಚಿಸಲು ಸಮಯವಿಲ್ಲ, ತಿರುಗಿ ಬರಲು ಎತ್ತರವಿಲ್ಲ. ಹೆದರಿ ಹಿಂದಕ್ಕೆ ತಿರುಗಿಸಲು ಹೋದವರ ವಿಮಾನ ವೇಗ ಕಳೆದುಕೊಂಡು ಮಗುಚಿ ಬೀಳುತ್ತದೆ.

ಸಣ್ಣ ವಿಮಾನಗಳ ಪೈಲಟ್‌ಗಳಿಗೆ ಬ್ರಿಟನ್ನಿನ ನಾಗರಿಕ ವಿಮಾನಯಾನ ಪ್ರಾಧಿಕಾರ ಒಂದು ಸರಳ ಲೆಕ್ಕವನ್ನು ಹೇಳಿಕೊಡುತ್ತದೆ. ತೂಕ ನೂರಕ್ಕೆ ಹತ್ತು ಹೆಚ್ಚಾದರೆ, ಏಳಲು ಬೇಕಾದ ದೂರ ನೂರಕ್ಕೆ ಇಪ್ಪತ್ತು ಹೆಚ್ಚುತ್ತದೆ. ಜಾಗ ಪ್ರತಿ 1,000 ಅಡಿ ಎತ್ತರವಾದಂತೆ ನೂರಕ್ಕೆ ಹತ್ತು. ಬಿಸಿ ಪ್ರತಿ 10 ಡಿಗ್ರಿ ಏರಿದಂತೆ ಮತ್ತೆ ನೂರಕ್ಕೆ ಹತ್ತು. ಒಣ ಹುಲ್ಲಿನ ನೆಲವಾದರೆ ನೂರಕ್ಕೆ ಇಪ್ಪತ್ತು. ಇವನ್ನು ಕೂಡಿಸಿದರೆ ಸಾಲದು, ಒಂದರ ಮೇಲೊಂದು ಗುಣಿಸಬೇಕು.

ಈ ಲೆಕ್ಕವನ್ನು ನಮ್ಮ ಊರಿಗೆ ಹಾಕಿ ನೋಡೋಣ. ಸಮುದ್ರದ ದಡದಲ್ಲಿ, 15 ಡಿಗ್ರಿ ತಂಪಿನಲ್ಲಿ, ಗಟ್ಟಿ ನೆಲದ ಮೇಲೆ 300 ಮೀಟರ್ ಓಡಿ ಏಳುವ ಒಂದು ವಿಮಾನ ಇದೆ ಎಂದುಕೊಳ್ಳಿ. ಹೊಸೂರು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ. ಏಪ್ರಿಲ್ ಮಧ್ಯಾಹ್ನದ ಬಿಸಿಲು 35 ಡಿಗ್ರಿ. ನೆಲ ಒಣ ಹುಲ್ಲಿನದು. ಯಜಮಾನರ ಒತ್ತಾಯಕ್ಕೆ ತೂಕ ನೂರಕ್ಕೆ ಹತ್ತು ಹೆಚ್ಚು. ಎಲ್ಲವನ್ನೂ ಗುಣಿಸಿದರೆ ಅದೇ ವಿಮಾನಕ್ಕೆ ಸುಮಾರು 700 ಮೀಟರ್ ಬೇಕು. ಎತ್ತರ, ಬಿಸಿ, ಹುಲ್ಲು, ಭಾರ, ಒಂದೊಂದೂ ಬೇರೆಯಾಗಿ ನೋಡಿದರೆ ಚಿಕ್ಕದು. ಸೇರಿದಾಗ ಎರಡು ಪಾಲಿಗೂ ಮೀರಿತು.

ಇದಕ್ಕೆ ಕಾರಣ ಗಾಳಿ. ಎತ್ತರದ ಗಾಳಿ ತೆಳು. ಬಿಸಿಯಾದ ಗಾಳಿಯೂ ತೆಳು. ಹೊಸೂರಿನಲ್ಲಿ 35 ಡಿಗ್ರಿ ಬಿಸಿಲಿರುವಾಗ ಗಾಳಿಯ ಸಾಂದ್ರತೆ, ವಿಮಾನದವರ ಲೆಕ್ಕದಲ್ಲಿ, 6,000 ಅಡಿ ಎತ್ತರದ ಗಾಳಿಯಷ್ಟೇ ಇರುತ್ತದೆ. ಅಂದರೆ ನಮ್ಮ ಹೊಲದಲ್ಲಿ ನಿಂತ ಯಂತ್ರ, ಕೂನೂರಿನಷ್ಟು ಎತ್ತರದ ಬೆಟ್ಟದ ಮೇಲೆ ನಿಂತಂತೆ ಏದುಸಿರು ಬಿಡುತ್ತದೆ. ಸಮುದ್ರಮಟ್ಟದ ತಂಪಾದ ಗಾಳಿಗೆ ಹೋಲಿಸಿದರೆ ಸುಮಾರು ಆರರಲ್ಲಿ ಒಂದು ಪಾಲು ಕಡಿಮೆ. ಕೃಷ್ಣಗಿರಿ ಕಡೆ ನೆಲ ತಗ್ಗು, ಆದರೆ ಬಿಸಿಲು ಹೆಚ್ಚು, ಅಲ್ಲಿನವರೂ ಸಮಾಧಾನಪಡುವಂತಿಲ್ಲ.

ಸುರಿದ ವಿಷ ಯಾರ ಮೇಲೆ?

ಸಿಂಪಡಣೆ ವಿಮಾನಗಳಲ್ಲಿ ಒಂದು ವಿಶೇಷ ವ್ಯವಸ್ಥೆ ಇರುತ್ತದೆ. ಏಳುವಾಗ ಏನಾದರೂ ತೊಂದರೆಯಾದರೆ ಪೈಲಟ್ ಒಂದು ಹಿಡಿಯನ್ನು ಎಳೆದು ಟ್ಯಾಂಕಿನ ಮದ್ದನ್ನೆಲ್ಲ ಒಮ್ಮೆಗೇ ಕೆಳಗೆ ಸುರಿದುಬಿಡಬಹುದು. ಭಾರ ಇಳಿದ ವಿಮಾನ ಮೇಲೇಳುತ್ತದೆ, ಅವನು ಬದುಕುತ್ತಾನೆ. ಜನವಸತಿಯ ಮೇಲೆ ಕೆಲಸ ಮಾಡುವ ವಿಮಾನ ತನ್ನ ಭಾರದ ಅರ್ಧವನ್ನಾದರೂ 45 ಸೆಕೆಂಡಿನೊಳಗೆ ಸುರಿಯಲು ಶಕ್ತವಾಗಿರಬೇಕೆಂದು ಅಮೆರಿಕದ ಕಾನೂನೇ ಹೇಳುತ್ತದೆ. ಪೈಲಟ್ಟಿನ ಪ್ರಾಣ ಉಳಿಸಲು ಇದು ಬೇಕೇ ಬೇಕು. ಇದನ್ನು ತಪ್ಪು ಎನ್ನಲಾರೆ. ಆದರೆ ಸುರಿದದ್ದು ಎಲ್ಲಿಗೆ ಬೀಳುತ್ತದೆ? ವಿಮಾನ ಏಳುವ ದಾರಿಯ ತುದಿಯಲ್ಲಿ ಏನಿದೆಯೋ ಅದರ ಮೇಲೆ. ಅಲ್ಲಿ ಹುಲ್ಲಿದ್ದರೆ ಹುಲ್ಲಿನ ಮೇಲೆ. ಬಾವಿ ಇದ್ದರೆ ಬಾವಿಗೆ. ದನ ಮೇಯಿಸುವವರು ಇದ್ದರೆ ಅವರ ಮೈಮೇಲೆ. ಆದ್ದರಿಂದ ಎಲ್ಲಿಂದ ಏಳಬೇಕು, ಯಾವ ದಿಕ್ಕಿಗೆ ಏಳಬೇಕು ಎಂಬುದು ಪೈಲಟ್ಟಿಗೆ ಮಾತ್ರ ಸೇರಿದ ವಿಷಯವಲ್ಲ. ಅದು ಊರಿನ ವಿಷಯ.

ಊರನ್ನು ಕೇಳದೆ ಹಾರಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಕನ್ನಡದವರೇ ಇರುವ ಕಾಸರಗೋಡು ಸಾಕ್ಷಿ. ಅಲ್ಲಿ ನಡೆದದ್ದು ಯಂತ್ರ ಬಿದ್ದು ಆದ ಅಪಘಾತವಲ್ಲ. ಯಂತ್ರ ಸರಿಯಾಗಿಯೇ ಹಾರಿತು. ಕೇರಳ ಸರ್ಕಾರದ ಪ್ಲಾಂಟೇಶನ್ ಕಾರ್ಪೊರೇಷನ್ನಿನ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಗುಡ್ಡದ ಮೇಲೆ ತೋಟ, ಕೆಳಗೆ ಮನೆ, ಬಾವಿ, ತೋಡು. ಎಣ್ಮಕಜೆಯ ಪಡ್ರೆಯಂತಹ ಊರುಗಳಲ್ಲಿ ಮಕ್ಕಳ ಅಂಗವೈಕಲ್ಯ, ಬುದ್ಧಿಮಾಂದ್ಯ, ಚರ್ಮರೋಗಗಳನ್ನು ಕಂಡು ಡಾ. ವೈ.ಎಸ್. ಮೋಹನ ಕುಮಾರ್ ಎಂಬ ಹಳ್ಳಿಯ ವೈದ್ಯರೂ, ಪತ್ರಕರ್ತ ಶ್ರೀಪಡ್ರೆಯವರೂ ದನಿ ಎತ್ತಿದರು. 2011ರ ಮೇ 13ರಂದು ಸುಪ್ರೀಂ ಕೋರ್ಟು ದೇಶದಾದ್ಯಂತ ಎಂಡೋಸಲ್ಫಾನ್ ತಯಾರಿಕೆ, ಮಾರಾಟ, ಬಳಕೆಯನ್ನು ತಡೆಯಿತು. 2017ರ ಜನವರಿ 10ರಂದು, ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳಲ್ಲಿ ಕೊಡಬೇಕೆಂದು ಕೇರಳ ಸರ್ಕಾರಕ್ಕೆ ಆದೇಶಿಸಿತು.

ಆಗ ಕಾನೂನು ಇರಲಿಲ್ಲವೇ? ಇತ್ತು. 1971ರ ಕೀಟನಾಶಕ ನಿಯಮಗಳಲ್ಲಿ 43ನೆಯ ನಿಯಮ ಆಕಾಶದಿಂದ ಮದ್ದು ಹೊಡೆಯುವವರಿಗೆಂದೇ ಇದೆ. ಕನಿಷ್ಠ 24 ಗಂಟೆ ಮೊದಲೇ ಜನರಿಗೆ ತಿಳಿಸಬೇಕು. ಮೈ ತೊಳೆಯಲು ನೀರು, ಪ್ರಥಮ ಚಿಕಿತ್ಸೆ ಸಿದ್ಧವಿರಬೇಕು. ಸಂಬಂಧವಿಲ್ಲದ ಜನ, ದನಗಳು ಆ ಜಾಗಕ್ಕೆ ಬಾರದಂತೆ ತಡೆಯಬೇಕು. ಪೈಲಟ್ಟಿಗೆ ವಿಶೇಷ ತರಬೇತಿ ಇರಬೇಕು. ಇಷ್ಟು ಒಳ್ಳೆಯ ನಿಯಮ ಇದ್ದೂ ಕಾಸರಗೋಡಿನ ಮಕ್ಕಳನ್ನು ಕಾಪಾಡಲಿಲ್ಲ. ನಿಯಮ ಪುಸ್ತಕದಲ್ಲಿತ್ತು, ವಿಷ ಅಂಗಳದಲ್ಲಿತ್ತು. ಕೆಳಗಿದ್ದವರು ಕೇಳಿದಾಗ ಮಾತ್ರ ನಿಯಮಕ್ಕೆ ಜೀವ ಬರುತ್ತದೆ.

ಡ್ರೋನು ಚಿಕ್ಕದು, ಅಪಾಯ ಚಿಕ್ಕದಲ್ಲ

"ಅದೆಲ್ಲ ದೊಡ್ಡ ವಿಮಾನದ ಮಾತು, ಡ್ರೋನು ಒಂದು ಆಟಿಕೆಯಷ್ಟಿದೆ" ಎನ್ನುವವರಿದ್ದಾರೆ. ಅದರಲ್ಲಿ ಪೈಲಟ್ ಕೂರುವುದಿಲ್ಲ, ನಿಜ. ಓಡಿ ಏಳಲು ದಾರಿಯೂ ಬೇಡ, ನಿಂತಲ್ಲಿಂದಲೇ ಏಳುತ್ತದೆ. ಆದರೆ ತೆಳು ಗಾಳಿಯ ನಿಯಮ ಅದಕ್ಕೂ ಒಂದೇ. ಗಾಳಿ ತೆಳುವಾದಾಗ ಅದೇ ಭಾರವನ್ನು ಎತ್ತಲು ರೆಕ್ಕೆಗಳು ಹೆಚ್ಚು ವೇಗವಾಗಿ ತಿರುಗಬೇಕು. ಮೋಟಾರು ಕಾಯುತ್ತದೆ, ಬ್ಯಾಟರಿಯಿಂದ ಹೆಚ್ಚು ವಿದ್ಯುತ್ ಎಳೆಯುತ್ತದೆ. ಬ್ಯಾಟರಿ ಹಳೆಯದಾಗಿದ್ದರೆ, ತುಂಬಿದ ಟ್ಯಾಂಕನ್ನು ಎತ್ತುವ ಆ ಗಳಿಗೆಯಲ್ಲೇ ಅದರ ಶಕ್ತಿ ಕುಸಿಯುತ್ತದೆ. ನಾಲ್ಕು ರೆಕ್ಕೆಯ ಯಂತ್ರದಲ್ಲಿ ಒಂದು ಮೋಟಾರು ನಿಂತರೆ ಉಳಿದ ಮೂರು ಅದನ್ನು ಹಿಡಿದು ನಿಲ್ಲಿಸಲಾರವು. ಇಳಿಜಾರು ನೆಲದ ಮೇಲಿಟ್ಟು ಎಬ್ಬಿಸಿದರೂ, ಮರದ ಕೊಂಬೆ, ಕರೆಂಟು ತಂತಿ, ತಗಡಿನ ಚಪ್ಪರ ಹತ್ತಿರವಿದ್ದರೂ ಕಷ್ಟವೇ.

ಇದಕ್ಕಿಂತ ಮುಖ್ಯವಾದ ಇನ್ನೊಂದು ವಿಷಯವನ್ನು ನಮ್ಮ ಅನೇಕ ರೈತರು ಗಮನಿಸಿಲ್ಲ. ಬೆನ್ನಿಗೆ ಹಾಕಿಕೊಳ್ಳುವ ಪಂಪಿನಲ್ಲಿ ಒಂದು ಎಕರೆಗೆ ಸುಮಾರು 200 ಲೀಟರ್ ನೀರಿಗೆ ಮದ್ದು ಬೆರೆಸುತ್ತೇವೆ. ಡ್ರೋನಿನಲ್ಲಿ ಸಾಮಾನ್ಯವಾಗಿ ಎಕರೆಗೆ ಸುಮಾರು 10 ಲೀಟರ್ ಮಾತ್ರ. ಮದ್ದಿನ ಪ್ರಮಾಣ ಹೆಚ್ಚುಕಡಿಮೆ ಅಷ್ಟೇ ಇದ್ದರೆ, ನೀರು ಇಪ್ಪತ್ತರಲ್ಲಿ ಒಂದು ಪಾಲು. ಆದ್ದರಿಂದ ಡ್ರೋನಿನ ಟ್ಯಾಂಕಿನಲ್ಲಿರುವುದು ಬಹಳ ಗಟ್ಟಿಯಾದ ವಿಷ. ಹದಿನಾರು ಲೀಟರಿನ ಕೈಪಂಪು ಮಗುಚಿದರೆ ಒಂದು ಎಕರೆಯ ಮದ್ದಿನಲ್ಲಿ ಹನ್ನೆರಡನೆಯ ಒಂದು ಪಾಲು ಚೆಲ್ಲುತ್ತದೆ. ಡ್ರೋನಿನ ಹತ್ತು ಲೀಟರ್ ಟ್ಯಾಂಕು ಏಳುವಾಗ ಬಿದ್ದರೆ ಪೂರ್ತಿ ಒಂದು ಎಕರೆಯ ವಿಷ ಒಂದು ಚಾಪೆಯಷ್ಟು ಜಾಗದಲ್ಲಿ ಸುರಿಯುತ್ತದೆ. ಆ ಚಾಪೆಯಷ್ಟು ಜಾಗ ಬೋರ್‌ವೆಲ್ ಪಕ್ಕವೇ ಆಗಿದ್ದರೆ? ಕಲಸುವ ಅಕ್ಕನ ಮಡಿಲೇ ಆಗಿದ್ದರೆ?

ಹಾಗಾದರೆ ಡ್ರೋನೇ ಬೇಡವೇ? ನಾನು ಹಾಗೆ ಹೇಳುವುದಿಲ್ಲ. ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ 2017ರಲ್ಲಿ ಹತ್ತಿಗೆ ಮದ್ದು ಹೊಡೆಯುತ್ತಿದ್ದ ಸುಮಾರು ಇಪ್ಪತ್ತು ಮಂದಿ ವಿಷವೇರಿ ಸತ್ತರು. ನೂರಾರು ಮಂದಿ ಆಸ್ಪತ್ರೆ ಸೇರಿದರು. ಅವರ ಕೈಯಲ್ಲಿ ಇದ್ದದ್ದು ನೆಲದ ಪಂಪುಗಳೇ. ಬೆನ್ನಿಗೆ ಪಂಪು ಹೊತ್ತು ತನ್ನ ಹೊಗೆಯನ್ನು ತಾನೇ ಕುಡಿಯುತ್ತಾ ನಡೆಯುವುದಕ್ಕಿಂತ ದೂರ ನಿಂತು ಯಂತ್ರ ನಡೆಸುವುದು ಮೈಗೆ ಒಳ್ಳೆಯದು. ಕೂಲಿಯಾಳು ಸಿಗದ ಈ ಕಾಲದಲ್ಲಿ ಅನುಕೂಲವೂ ಹೌದು. ಆದರೆ ದಿನವಿಡೀ ಹೊಲದ ತುಂಬ ಹರಡಿದ್ದ ಅಪಾಯವನ್ನು ಡ್ರೋನು ಒಂದು ಜಾಗಕ್ಕೆ, ಒಂದು ಗಳಿಗೆಗೆ ತಂದು ಗುಡ್ಡೆ ಹಾಕುತ್ತದೆ. ಆ ಜಾಗವನ್ನೂ ಆ ಗಳಿಗೆಯನ್ನೂ ಕಾಯ್ದುಕೊಂಡರೆ ಲಾಭ ನಮ್ಮದು. ಕಾಯದಿದ್ದರೆ ಹಳೆಯ ಅಪಾಯವನ್ನು ಹೊಸ ಬೆಲೆಗೆ ಕೊಂಡಂತೆ.

ಇದನ್ನು ಹೇಳಲು ಇನ್ನೊಂದು ಕಾರಣವೂ ಇದೆ. 2023ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಕೊಡುವ 'ನಮೋ ಡ್ರೋನ್ ದೀದಿ' ಯೋಜನೆಯನ್ನು ಒಪ್ಪಿತು. ಬೆಲೆಯ ನೂರಕ್ಕೆ 80 ಪಾಲು, ಗರಿಷ್ಠ 8 ಲಕ್ಷ ರೂಪಾಯಿ ಸಹಾಯಧನ. ಜೊತೆಗೆ 15 ದಿನಗಳ ತರಬೇತಿ. ಅಂದರೆ ನಾಳೆ ಆ ಹುಡುಗನ ಜಾಗದಲ್ಲಿ ನಮ್ಮದೇ ಮನೆಯ ಹೆಣ್ಣುಮಗಳು ನಿಂತಿರಬಹುದು. ಅವಳಿಗೂ ನಾವು "ಪೂರ್ತಿ ತುಂಬಮ್ಮ" ಎನ್ನುತ್ತೇವೆಯೇ?

ತಪ್ಪು ಹುಡುಗನದು ಮಾತ್ರವೇ?

ಆ ದಿನ ಎಲ್ಲರೂ ಹುಡುಗನನ್ನು ಬೈದರು. ಅವನ ತಪ್ಪು ಇರಲಿಲ್ಲ ಎನ್ನುವುದಿಲ್ಲ. ಆದರೆ ಅವನಿಗೆ ಕೂಲಿ ಸಿಗುವುದು ಎಕರೆ ಲೆಕ್ಕದಲ್ಲಿ. ಬೇಗ ಮುಗಿಸಿದಷ್ಟೂ ಅವನಿಗೆ ಗಿಟ್ಟುತ್ತದೆ. ಅದರ ಮೇಲೆ ನಾವು ಅವಸರಪಡಿಸುತ್ತೇವೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ, ಯಂತ್ರದ ಶಕ್ತಿ ಒಂದು ಕಡೆ, ನಮ್ಮ ಆಸೆ ಇನ್ನೊಂದು ಕಡೆ.

ಲೆಕ್ಕ ಹಾಕಿ ನೋಡಿ. ಐದು ಎಕರೆಗೆ 50 ಲೀಟರ್. ಹತ್ತು ಲೀಟರಿನಂತೆ ತುಂಬಿದರೆ ಐದು ಸುತ್ತು. ಬಿಸಿಲಿನ ದಿನ ಎಂಟು ಲೀಟರಿನಂತೆ ತುಂಬಿದರೆ ಏಳು ಸುತ್ತು. ಹೆಚ್ಚಾದದ್ದು ಎರಡು ಸುತ್ತು, ಅರ್ಧ ಗಂಟೆಯ ಕೆಲಸ. ಆ ಅರ್ಧ ಗಂಟೆಗೆ ಹುಡುಗ ಹೆಚ್ಚು ಹಣ ಕೇಳಿದರೆ ಕೊಟ್ಟುಬಿಡೋಣ. ಆ ಅಕ್ಕನ ಎರಡು ದಿನದ ಆಸ್ಪತ್ರೆ ಖರ್ಚಿಗೆ ಹೋಲಿಸಿದರೆ ಅದು ಏನೂ ಅಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಮಾತು ಯಂತ್ರ ನಡೆಸುವವನಿಗಿಂತ ಹೆಚ್ಚಾಗಿ ಯಂತ್ರ ಕರೆಸುವವನಿಗೆ ಅನ್ವಯಿಸುತ್ತದೆ.

ಡ್ರೋನ್ ಕರೆಸುವ ಮುನ್ನ

ಕೆಳಗಿನ ಮಾತುಗಳನ್ನು ಕತ್ತರಿಸಿ ಮನೆಯಲ್ಲಿ ಅಂಟಿಸಿಕೊಳ್ಳಬಹುದು.

1. ನಡೆಸುವವರ ಬಳಿ ರಿಮೋಟ್ ಪೈಲಟ್ ಪ್ರಮಾಣಪತ್ರ ಇದೆಯೇ, ಯಂತ್ರಕ್ಕೆ ನೋಂದಣಿ ಸಂಖ್ಯೆ ಇದೆಯೇ ಎಂದು ಕೇಳಿ. 2021ರ ಡ್ರೋನ್ ನಿಯಮಗಳ ಪ್ರಕಾರ ಇವು ಬೇಕು. ಬೇರೆಯವರಿಗೆ ಹಾನಿಯಾದರೆ ಪರಿಹಾರ ಕೊಡುವ ವಿಮೆಯನ್ನೂ ಕೇಳಿ. ಕೇಳುವುದು ಅವಮಾನವಲ್ಲ.

2. ಬೆಳಗೊಂಡಪಳ್ಳಿಯಲ್ಲಿ ವಿಮಾನ ಇಳಿಯುವ ದಾರಿ ಇದೆ. ಬೆಂಗಳೂರಿನ ನಿಲ್ದಾಣಗಳೂ ದೂರವಿಲ್ಲ. ನಮ್ಮ ಹೊಲದ ಮೇಲೆ ಹಾರಿಸಲು ಅನುಮತಿ ಬೇಕೇ ಎಂಬುದನ್ನು ಸರ್ಕಾರದ ಹಾರಾಟ ನಕ್ಷೆಯಲ್ಲಿ ನೋಡಿ ತಿಳಿಸಲು ಹೇಳಿ.

3. ಹಿಂದಿನ ದಿನವೇ ಅಕ್ಕಪಕ್ಕದ ಹೊಲದವರಿಗೂ, ಜೇನು ಸಾಕಿದವರಿಗೂ, ದನ ಮೇಯಿಸುವವರಿಗೂ ತಿಳಿಸಿ.

4. ಬೆಳಿಗ್ಗೆ ಬೇಗ, ಇಲ್ಲವೇ ಬಿಸಿಲು ಇಳಿದ ಮೇಲೆ ಮಾಡಿಸಿ. ಗಾಳಿ ಜೋರಾಗಿದ್ದರೆ ಆ ದಿನ ಬೇಡ. ತಡವಾಗಿ ಮಧ್ಯಾಹ್ನ ಬಂದರೆ, "ನಾಳೆ ಬಾಪ್ಪ" ಎಂದು ಕಳಿಸುವ ಧೈರ್ಯ ಇರಲಿ.

5. ಏಳುವ ಜಾಗವನ್ನು ನೀವೇ ಆರಿಸಿ. ಸಮತಟ್ಟಾಗಿರಲಿ. ಬಾವಿ, ಬೋರ್‌ವೆಲ್, ದನದ ತೊಟ್ಟಿ, ಮನೆ, ತಂತಿ, ಮರ ಯಾವುದೂ ಹತ್ತಿರ ಬೇಡ. ನೀರು ದೂರವಾದರೆ ಕೊಡದಲ್ಲಿ ಹೊತ್ತು ತರೋಣ.

6. ಮೊದಲ ಸುತ್ತು ಬರಿ ನೀರು ತುಂಬಿ ಐದು ನಿಮಿಷ ಹಾರಿಸಲಿ. ಸೋರಿಕೆ, ವಾಲುವಿಕೆ ಎಲ್ಲ ಅದರಲ್ಲೇ ಗೊತ್ತಾಗುತ್ತದೆ.

7. ಕಂಪನಿ ಹೇಳಿದ ತೂಕಕ್ಕೆ ಒಂದು ಲೋಟವೂ ಹೆಚ್ಚು ಬೇಡ. ಬಿಸಿಲಲ್ಲಿ ಇನ್ನೂ ಕಡಿಮೆ ತುಂಬಿಸಿ.

8. ಕಲಸುವವರಿಗೆ ಕೈಗವಸು, ಕನ್ನಡಕ, ಮುಖಗವಸು, ಮುಂದೆ ಕಟ್ಟಿಕೊಳ್ಳಲು ಪ್ಲಾಸ್ಟಿಕ್ ಹೊದಿಕೆ ಕೊಡಿ. ತುಂಬಿದ ಕೂಡಲೇ ಅವರು ದೂರ ಸರಿಯಲಿ. ಆಮೇಲೆ ಯಂತ್ರ ಏಳಲಿ. ಮಕ್ಕಳು ಹೊಲದ ಹೊರಗಿರಲಿ. ನೋಡುವ ಆಸೆ ಎಷ್ಟಿದ್ದರೂ ದೂರದಿಂದಲೇ.

9. ಮದ್ದಿನ ಡಬ್ಬಿಯ ಮೇಲಿನ ಚೀಟಿ ಓದಿ. 2022ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ 477 ಕೀಟನಾಶಕಗಳಿಗೆ ಡ್ರೋನ್ ಬಳಕೆಯ ತಾತ್ಕಾಲಿಕ ಒಪ್ಪಿಗೆ ಕೊಟ್ಟಿತು. ಎಲ್ಲ ಮದ್ದೂ ಡ್ರೋನಿಗೆ ಹಾಕುವುದಲ್ಲ. ಕೃಷಿ ಇಲಾಖೆಯವರನ್ನು ಕೇಳಿಯೇ ಆರಿಸಿ.

ಯಂತ್ರ ಬಿದ್ದರೆ

ಮೊದಲು ಮನುಷ್ಯರನ್ನು ನೋಡಿ, ಯಂತ್ರವನ್ನು ಆಮೇಲೆ. ಮೈಮೇಲೆ ಮದ್ದು ಬಿದ್ದವರ ಬಟ್ಟೆಯನ್ನು ಕೂಡಲೇ ತೆಗೆಸಿ. ಹೆಂಗಸರಾದರೆ ನಾಲ್ಕು ಜನ ಸೀರೆ ಮರೆ ಹಿಡಿಯಲಿ, ನಾಚಿಕೆಯಿಂದ ತಡಮಾಡುವುದು ಬೇಡ. ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷವಾದರೂ ತೊಳೆಯಿರಿ. ತಲೆಗೂದಲು, ಉಗುರಿನ ಸಂದು ಮರೆಯಬೇಡಿ. ಕಣ್ಣಿಗೆ ಬಿದ್ದಿದ್ದರೆ ಅಷ್ಟೇ ಹೊತ್ತು ಬರಿ ನೀರಿನಿಂದ ತೊಳೆಯಿರಿ. ಬಾಯಿಗೆ ಹೋಗಿದ್ದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ತೊಳೆಯುವವರೂ ಕೈಗವಸು ಹಾಕಿಕೊಳ್ಳಿ.

ಬೆವರು, ಜೊಲ್ಲು, ವಾಂತಿ, ತಲೆಸುತ್ತು, ಕಣ್ಣು ಮಂಜಾಗುವುದು, ಮಾಂಸಖಂಡ ಅದುರುವುದು, ಉಸಿರು ಕಟ್ಟುವುದು, ಇವುಗಳಲ್ಲಿ ಯಾವುದು ಕಂಡರೂ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸೇರಿಸಿ. ಮದ್ದಿನ ಡಬ್ಬಿಯನ್ನೋ ಚೀಟಿಯನ್ನೋ ತಪ್ಪದೆ ಜೊತೆಗೆ ಒಯ್ಯಿರಿ. ಯಾವ ವಿಷ ಎಂದು ಗೊತ್ತಾದರೆ ವೈದ್ಯರ ಅರ್ಧ ಕೆಲಸ ಮುಗಿದಂತೆ. ಮೊದಲು ಏನೂ ಆಗದಿದ್ದರೂ ರಾತ್ರಿಯವರೆಗೆ ಗಮನಿಸುತ್ತಿರಿ. ಒದ್ದೆ ಬಟ್ಟೆಯಲ್ಲಿ ಉಳಿದ ವಿಷ ಚರ್ಮದ ಮೂಲಕ ನಿಧಾನವಾಗಿ ಒಳಗೆ ಹೋಗುತ್ತಲೇ ಇರುತ್ತದೆ. ಆ ಅಕ್ಕನಿಗೆ ಆದದ್ದು ಅದೇ.

ನೆಲಕ್ಕೆ ಸುರಿದ ಮದ್ದನ್ನು ನೀರು ಹಾಕಿ ತೊಳೆಯಬೇಡಿ, ಅದು ಬಾವಿಗೇ ಇಳಿಯುತ್ತದೆ. ಒಣ ಮಣ್ಣೋ ಮರದ ಹೊಟ್ಟೋ ಹಾಕಿ ಹೀರಿಸಿ, ಗೋರಿ ತೆಗೆದು, ನೀರಿನ ಮೂಲಗಳಿಂದ ದೂರ ಹೂಳಿ. ತೊಟ್ಟಿಗೆ ಬಿದ್ದಿದ್ದರೆ ದನಗಳನ್ನು ದೂರ ಕಟ್ಟಿ. ಪೆಟ್ಟು ತಿಂದ ಬ್ಯಾಟರಿ ಸ್ವಲ್ಪ ಹೊತ್ತಿನ ಮೇಲೂ ಹೊತ್ತಿಕೊಳ್ಳಬಹುದು. ಅದನ್ನು ಮನೆಯೊಳಗೋ ಹುಲ್ಲಿನ ಬಣವೆ ಹತ್ತಿರವೋ ಇಡಬೇಡಿ. ಬಯಲಿನಲ್ಲಿ ಮರಳಿನ ಮೇಲಿಡಿ.

ಕೊನೆಯ ಮಾತು

ನಮ್ಮ ಸ್ವಸಹಾಯ ಸಂಘಗಳಿಗೂ ಯುವಕರ ಸಂಘಕ್ಕೂ ಒಂದು ಸಲಹೆ. ಮುಂದಿನ ಸಭೆಯಲ್ಲಿ ಪ್ರತಿ ಊರಿನವರೂ ಕೂತು ಎರಡು ವಿಷಯಗಳನ್ನು ನಿರ್ಧರಿಸಿ. ಒಂದು, ನಮ್ಮ ಊರಿನ ಹೊಲಗಳಿಗೆ ಡ್ರೋನು ಎಲ್ಲೆಲ್ಲಿಂದ ಏಳಬಹುದು, ಎಲ್ಲಿಂದ ಏಳಬಾರದು. ಎರಡು, ಕಡಿಮೆ ತುಂಬಿ ಹೆಚ್ಚು ಸುತ್ತು ಹೊಡೆಯುವವರಿಗೆ ಎಕರೆಗೆ ಎಷ್ಟು ಹೆಚ್ಚು ಕೊಡೋಣ. ಒಬ್ಬರೇ ಕೇಳಿದರೆ ಯಂತ್ರದವರು ಬೇರೆ ಊರಿಗೆ ಹೋಗುತ್ತಾರೆ. ಊರೇ ಕೇಳಿದರೆ ಒಪ್ಪುತ್ತಾರೆ.

ಆ ಅಕ್ಕನನ್ನು ಮೊನ್ನೆ ಪೂಜೆ ಮುಗಿದ ಮೇಲೆ ಕಂಡು ಮಾತನಾಡಿಸಿದೆ. ಈಗ ಚೆನ್ನಾಗಿದ್ದಾರೆ. "ಈಗಲೂ ಮದ್ದು ಕಲಸಲು ಹೋಗುತ್ತೀರಾ?" ಎಂದು ಕೇಳಿದೆ. "ಹೋಗದೆ ಏನು ಮಾಡಲಿ ಅಣ್ಣಾ, ಕೂಲಿ ಬೇಕಲ್ಲ" ಎಂದರು. ಅವರು ಹೋಗುವುದನ್ನು ನಾವು ತಡೆಯಲಾರೆವು. ಆದರೆ ಅವರು ತುಂಬಿಸಿ, ದೂರ ಸರಿದು ನಿಲ್ಲುವವರೆಗೆ ಯಂತ್ರ ಏಳಬಾರದು ಎಂದು ಹೇಳಬಲ್ಲೆವು. ಇಷ್ಟನ್ನು ಹೇಳಲು ಯಾವ ತರಬೇತಿಯೂ ಬೇಡ. ಹೊಲದ ಯಜಮಾನರ ಒಂದು ಮಾತು ಸಾಕು.